ಆರೈಕೆ ಮಾಡುವವನಿಗೂ ಒಂದು ಖಾತೆ ಬೇಕು



ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. 1979ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ 2018ರಲ್ಲಿ ನಿವೃತ್ತನಾದೆ. ಮೂವತ್ತೊಂಬತ್ತು ವರ್ಷ ಬೇರೆಯವರ ದುಡ್ಡು ಎಣಿಸಿದವನು. ಆದ್ದರಿಂದ ನನ್ನ ಮಾತಿನಲ್ಲಿ ಚೆಲುವಿಗಿಂತ ಲೆಕ್ಕವೇ ಹೆಚ್ಚು ಕಂಡರೆ ಮನ್ನಿಸಬೇಕು.

ಒಂದು ಪ್ರಶ್ನೆಯಿಂದಲೇ ತೊಡಗುತ್ತೇನೆ. ನಿಮ್ಮ ನೆರೆಕರೆಯಲ್ಲಿ ಹಾಸಿಗೆ ಹಿಡಿದ ರೋಗಿಗಳು ಯಾರಾದರೂ ಇದ್ದಾರೆಯೇ? ಇದ್ದಾರು. ನೀವು ನೋಡಲು ಹೋಗುತ್ತೀರಿ. ನಾಲ್ಕು ಕಿತ್ತಳೆ, ಒಂದು ಪೊಟ್ಟಣ ಬ್ರೆಡ್ಡು ಕೊಂಡೊಯ್ಯುತ್ತೀರಿ. ರೋಗಿಯ ಪಕ್ಕದಲ್ಲಿ ಕುಳಿತು ಜ್ವರ, ನಿದ್ದೆ, ಊಟ ಎಲ್ಲವನ್ನೂ ವಿಚಾರಿಸುತ್ತೀರಿ. ಅಷ್ಟರಲ್ಲಿ ಒಳಗಿನಿಂದ ಒಬ್ಬರು ಚಾ ತಂದಿಡುತ್ತಾರೆ. ಆ ಚಾ ತಂದವರನ್ನು ವಿಚಾರಿಸಿದ್ದೀರಾ? ಅವರ ನಿದ್ದೆ, ಅವರ ಊಟ, ಅವರ ದುಡಿಮೆ ಏನಾಯಿತೆಂದು ಕೇಳಿದ್ದೀರಾ? ನಾನೂ ಬಹುಕಾಲ ಕೇಳಿರಲಿಲ್ಲ. ಕೇಳಲು ಕಲಿತದ್ದು ಒಂದು ತಪ್ಪು ಮಾಡಿದ ಮೇಲೆ. ಆ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ.

ಒಂದೇ ಬೆಂಚಿನಲ್ಲಿ ಕುಳಿತು ನನ್ನೊಡನೆ ಓದಿದ ಗೆಳೆಯನೊಬ್ಬನಿದ್ದಾನೆ. ಬಸ್ ನಿಲ್ದಾಣದ ಹತ್ತಿರ ದರ್ಜಿ ಅಂಗಡಿ ಇಟ್ಟುಕೊಂಡಿದ್ದ. ಅವನ ಹೆಂಡತಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಒಬ್ಬಳೇ ಮಗಳು, ಮದುವೆಯಾಗಿ ಸುಳ್ಯದ ಕಡೆಗೆ ಹೋಗಿದ್ದಳು. 2015ರ ಮಳೆಗಾಲದಲ್ಲಿ ಆ ಹೆಂಗಸಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋಯಿತು, ಮಾತೂ ಹೋಯಿತು. ಬುದ್ಧಿ ಮಾತ್ರ ಚೆನ್ನಾಗಿಯೇ ಇತ್ತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಗೆಳೆಯ ಅಂಗಡಿಯ ಬಾಗಿಲು ಹಾಕಿದ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಉಣಿಸುವುದು, ಮೀಯಿಸುವುದು, ಬಟ್ಟೆ ಒಗೆಯುವುದು, ರಾತ್ರಿ ಏಳುವುದು ಎಲ್ಲವೂ ಅವನೊಬ್ಬನ ಮೇಲೆ ಬಿತ್ತು. ಅಂಗಡಿ ನಡೆಯುವುದು ಹೇಗೆ?

ಮೂರು ತಿಂಗಳು ಕಳೆದ ಮೇಲೆ ನಾನು ಒಂದು ಲಕೋಟೆಯಲ್ಲಿ 10,000 ರೂಪಾಯಿ ಹಾಕಿಕೊಂಡು ಹೋದೆ. ಆ ದಿನ ಅವನ ಮನೆಯಲ್ಲಿ ನಾಲ್ಕಾರು ನೆಂಟರಿದ್ದರು. ಅವರೆದುರೇ ಲಕೋಟೆ ಕೊಟ್ಟು, 'ಇಟ್ಟುಕೋ ಮಾರಾಯ, ಇದ್ದಾಗ ಕೊಟ್ಟರಾಯಿತು' ಎಂದೆ. ದೊಡ್ಡ ಉಪಕಾರ ಮಾಡಿದೆನೆಂಬ ಸಮಾಧಾನದಲ್ಲಿ ಮನೆಗೆ ಬಂದೆ.

ಅಂದಿನಿಂದ ಅವನು ನನ್ನಿಂದ ತಪ್ಪಿಸಿಕೊಳ್ಳತೊಡಗಿದ. ಪೇಟೆಯಲ್ಲಿ ಕಂಡರೆ ಓಣಿ ಹೊಕ್ಕುಬಿಡುವನು. ಫೋನು ಮಾಡಿದರೆ ಎರಡು ಮಾತಾಡಿ ಇಟ್ಟುಬಿಡುವನು. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂದು ಗಾದೆ. ನಾನೂ ಮನಸ್ಸಿನಲ್ಲಿ ಹಾಗೆಯೇ ಅಂದುಕೊಂಡೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಮರುವರ್ಷ ಅವನೇ ತಲೆಸುತ್ತಿ ಬಚ್ಚಲಲ್ಲಿ ಬಿದ್ದನೆಂದು ತಿಳಿದು ಓಡಿದೆ. ರಕ್ತದೊತ್ತಡ ಏರಿತ್ತು. ಮಾತ್ರೆ ನಿಲ್ಲಿಸಿ ಐದು ತಿಂಗಳಾಗಿತ್ತು. ಯಾಕೆ ನಿಲ್ಲಿಸಿದೆ ಎಂದು ಗದರಿಸಿದೆ. ಅವನು ಉತ್ತರ ಕೊಡಲಿಲ್ಲ. ಕಪಾಟಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆಸಿದ. ಅದರೊಳಗೆ ಅಳತೆ ಬರೆಯುವ ಹಳೆಯ ಪುಸ್ತಕ. ಅದರಲ್ಲಿ ನನ್ನ ಹೆಸರು, 10,000 ಎಂಬ ಅಂಕೆ, ಕೆಳಗೆ 200, 300, 200 ಎಂದು ತಿಂಗಳು ತಿಂಗಳೂ ತೆಗೆದಿಟ್ಟ ಲೆಕ್ಕ. ನೋಟುಗಳೂ ಅಲ್ಲೇ ಇದ್ದವು. 1,100 ರೂಪಾಯಿ ಆಗಿತ್ತು. ನನ್ನ ಸಾಲ ತೀರಿಸಲು ಅವನು ತನ್ನ ಮದ್ದು ಬಿಟ್ಟಿದ್ದ.

ಕೇಳುಗರೇ, ನಾನು ಕೊಟ್ಟದ್ದು ಸಹಾಯ ಎಂದು ತಿಳಿದಿದ್ದೆ. ಅವನ ಪುಸ್ತಕದಲ್ಲಿ ಅದು ಸಾಲದ ಬದಿಯಲ್ಲಿತ್ತು. 'ಇದ್ದಾಗ ಕೊಟ್ಟರಾಯಿತು' ಎಂಬ ಒಂದು ಮಾತು ಅದನ್ನು ಅಲ್ಲಿಗೆ ತಳ್ಳಿತ್ತು. ನೆಂಟರೆದುರು ಕೊಟ್ಟದ್ದು ಅದರ ಮೇಲೆ ಬಡ್ಡಿಯಂತಾಯಿತು. ಆದ್ದರಿಂದ ನಾನು ಕಲಿತ ಮೊದಲ ಪಾಠ ಇದು: ಗೆಳೆಯನಿಗೆ ದುಡ್ಡು ಕೊಡುವುದಾದರೆ ಸಾಲವೋ ಕೊಡುಗೆಯೋ ಎಂದು ಮೊದಲೇ ಬಾಯಿಬಿಟ್ಟು ಹೇಳಿ. ಕೊಡುಗೆಯಾದರೆ ಅದನ್ನು ಮರಳಿ ಪಡೆಯುವ ಮಾತೇ ಬೇಡ. ಮತ್ತು ನಾಲ್ಕು ಜನರ ಎದುರು ಕೊಡಬೇಡಿ.

ಆ ದಿನ ಅವನನ್ನು ಕೇಳಿದೆ: 'ನಿನಗೆ ನಿಜವಾಗಿ ಬೇಕಾದದ್ದೇನು?' ಅವನೆಂದ: 'ವಾರದಲ್ಲಿ ಮೂರು ದಿನ, ಬೆಳಿಗ್ಗೆ ಮೂರು ಗಂಟೆ, ಅವಳ ಹತ್ತಿರ ಯಾರಾದರೂ ಕುಳಿತರೆ ಸಾಕು. ನಾನು ಜಗಲಿಯಲ್ಲಿ ಮೆಷಿನ್ ಇಟ್ಟು ಹೊಲಿಯುತ್ತೇನೆ.'

ಅವನು ಕೇಳಿದ್ದು ಸಮಯವನ್ನು. ನಾವು ಬೆಂಚಿನ ಗೆಳೆಯರು ಐವರು ಸೇರಿದೆವು. ಒಬ್ಬ ಗಲ್ಫಿನಲ್ಲಿ, ಒಬ್ಬ ಮುಂಬಯಿಯಲ್ಲಿ, ಒಬ್ಬ ಮಂಗಳೂರಿನಲ್ಲಿ, ಇಬ್ಬರು ಊರಲ್ಲೇ. ತಲಾ 500 ರೂಪಾಯಿಯಂತೆ ತಿಂಗಳಿಗೆ 2,500. ಪ್ರತಿ ತಿಂಗಳು ಐದನೆಯ ತಾರೀಕಿಗೆ ನಮ್ಮ ಖಾತೆಯಿಂದ ತಾನಾಗಿ ಅವನ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಬರೆದುಕೊಟ್ಟೆವು. ನೆರೆಮನೆಯ ಹೆಂಗಸೊಬ್ಬರು ಬೆಳಿಗ್ಗೆಗೆ 200 ರೂಪಾಯಿಯಂತೆ ಬರಲು ಒಪ್ಪಿದರು. ತಿಂಗಳಿಗೆ ಹನ್ನೆರಡು ಬೆಳಿಗ್ಗೆ, 2,400 ರೂಪಾಯಿ. ಉಳಿದ 100 ಅವನ ಮಾತ್ರೆಗೆ.

ಯಾರೂ ಲಕೋಟೆ ಹಿಡಿದು ಹೋಗಬೇಕಾಗಿಲ್ಲ, ಅವನು ಯಾರ ಮುಖವನ್ನೂ ನೋಡಬೇಕಾಗಿಲ್ಲ. ಸಣ್ಣ ಮೊತ್ತವಾದರೂ ಗೊತ್ತಾದ ತಾರೀಕಿಗೆ ಬರುವ ದುಡ್ಡಿಗೆ ಒಂದು ಗುಣವಿದೆ. ಅದನ್ನು ನಂಬಿ ಒಬ್ಬ ಮನುಷ್ಯ ನಾಳೆಯ ಲೆಕ್ಕ ಹಾಕಬಹುದು. ಒಮ್ಮೆಲೇ ಬಂದ ಹತ್ತು ಸಾವಿರ ಆಸ್ಪತ್ರೆಯ ಬಿಲ್ಲಿಗೆ ಹೋಗಿಬಿಡುತ್ತದೆ, ಮರುತಿಂಗಳು ಪುನಃ ಬರಿಗೈ. ಜಗಲಿಯಲ್ಲಿ ಮೆಷಿನ್ ಓಡತೊಡಗಿತು. ಶಾಲೆ ಸುರುವಾಗುವ ಮೇ, ಜೂನ್ ತಿಂಗಳಲ್ಲಿ ಯೂನಿಫಾರ್ಮ್ ಹೊಲಿಗೆ ಬಂತು. ಅದರ ಸದ್ದು ಕೇಳಿ ಒಳಗೆ ಮಲಗಿದ್ದವಳಿಗೂ ಒಂದು ಗೆಲುವು ಬಂದಂತಿತ್ತು.

ಇನ್ನು ನನ್ನ ಕಸುಬಿಗೆ ಸಂಬಂಧಪಟ್ಟ ಒಂದು ವಿಷಯ. ಗೆಳೆಯ ಆಸ್ಪತ್ರೆಯ ಖರ್ಚಿಗೆಂದು 20,000 ರೂಪಾಯಿ ಕೈಸಾಲ ಮಾಡಿದ್ದ. ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ. ಅಂದರೆ ತಿಂಗಳಿಗೆ 600, ವರ್ಷಕ್ಕೆ ನೂರಕ್ಕೆ ಮೂವತ್ತಾರು. ಅದೇ ಹೊತ್ತಿಗೆ ಅವನ ಹೆಂಡತಿ ಬೀಡಿ ಕಟ್ಟಿ ಉಳಿಸಿದ 38,000 ರೂಪಾಯಿ ಅವಳ ಹೆಸರಿನ ಉಳಿತಾಯ ಖಾತೆಯಲ್ಲಿ, ವರ್ಷಕ್ಕೆ ನೂರಕ್ಕೆ ನಾಲ್ಕರ ಬಡ್ಡಿಯಲ್ಲಿ, ಬಿದ್ದುಕೊಂಡಿತ್ತು. ಯಾಕೆ ತೆಗೆಯಲಿಲ್ಲ? ಅವಳ ಬಲಗೈ ಸಹಿ ಹಾಕುವುದಿಲ್ಲ. ಶಾಖೆಯಲ್ಲಿ 'ಅವರನ್ನೇ ಕರೆದುಕೊಂಡು ಬನ್ನಿ' ಎಂದರಂತೆ. ಇವನು ಸುಮ್ಮನೆ ಹಿಂತಿರುಗಿದ.

ಅದನ್ನು ಕೇಳಿ ನನಗೆ ಸಿಟ್ಟು ಬರಬೇಕಿತ್ತು. ಆದರೆ ಹಳೆಯದೊಂದು ನೆನಪು ಬಂತು. ನಾನು ಕೌಂಟರಿನಲ್ಲಿ ಹೊಸಬನಾಗಿದ್ದಾಗ ಒಬ್ಬಾಕೆ ತಾಯಿಯ ಪಾಸ್‌ಬುಕ್ಕು ಹಿಡಿದು ಬಂದಿದ್ದಳು. ಸಹಿ ಹೊಂದುವುದಿಲ್ಲವೆಂದು ನಾನೂ ಅದೇ ಮಾತು ಹೇಳಿದ್ದೆ. ಮರುದಿನ ಆಕೆ ತಾಯಿಯನ್ನು ಬಾಡಿಗೆ ರಿಕ್ಷಾದಲ್ಲಿ ಕೂಡಿಸಿಕೊಂಡು ತಂದಳು. ನಮ್ಮ ಶಾಖೆ ಮಾಳಿಗೆಯಲ್ಲಿತ್ತು. ನಾನು ಕೆಳಗಿಳಿಯಲಿಲ್ಲ. ಅಧಿಕಾರಿಯೊಬ್ಬರು ಇಳಿದು ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ನಿಯಮ ಗೊತ್ತಿಲ್ಲದ ಗುಮಾಸ್ತನಿಂದ ಎಷ್ಟು ಜನರಿಗೆ ತೊಂದರೆಯಾಗಿದೆಯೋ, ದೇವರೇ ಬಲ್ಲ.

ಆದ್ದರಿಂದ ನಿಯಮವನ್ನು ಸರಿಯಾಗಿ ಹೇಳುತ್ತೇನೆ, ದಯವಿಟ್ಟು ನೆನಪಿಡಿ. ರಿಸರ್ವ್ ಬ್ಯಾಂಕಿನ ಸೂಚನೆಯ ಪ್ರಕಾರ, ಸಹಿ ಮಾಡಲಾಗದ, ಬ್ಯಾಂಕಿಗೆ ಬರಲಾಗದ ಖಾತೆದಾರರ ಹೆಬ್ಬೆಟ್ಟಿನ ಗುರುತು ಸಾಕು. ಕೈಯ ಹೆಬ್ಬೆಟ್ಟು ಆಗದಿದ್ದರೆ ಕಾಲಿನ ಹೆಬ್ಬೆರಳಿನದ್ದೂ ಆಗುತ್ತದೆ. ಅದನ್ನು ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ದುಡ್ಡನ್ನು ಯಾರ ಕೈಗೆ ಕೊಡಬೇಕೆಂಬುದನ್ನೂ ಖಾತೆದಾರರೇ ಸಾಕ್ಷಿಗಳ ಎದುರು ಸೂಚಿಸಬೇಕು. ಎಪ್ಪತ್ತು ದಾಟಿದವರಿಗೆ ಮತ್ತು ಅಂಗವಿಕಲರಿಗೆ ಮನೆಬಾಗಿಲಿಗೇ ಬಂದು ಸೇವೆ ಕೊಡಬೇಕೆಂದು 2017ರಲ್ಲಿ ರಿಸರ್ವ್ ಬ್ಯಾಂಕು ಹೇಳಿದೆ. ಗೆಳೆಯನ ಮನೆಗೆ ಅಧಿಕಾರಿಯೊಬ್ಬರು ಬಂದರು, ಆಕೆ ಎಡಗೈಯ ಹೆಬ್ಬೆಟ್ಟು ಒತ್ತಿದಳು. ಕೈಸಾಲ ತೀರಿತು. ತಿಂಗಳ 600 ರೂಪಾಯಿ ಬಡ್ಡಿ ನಿಂತಿತು. ಇದರಲ್ಲಿ ನನ್ನ ಕೈಯಿಂದ ಒಂದು ಪೈಸೆಯೂ ಖರ್ಚಾಗಲಿಲ್ಲ.

ಪ್ರಜ್ಞೆಯೇ ಇಲ್ಲದ ರೋಗಿಗಳ ವಿಷಯ ಬೇರೆ. ಅಂಥವರ ಪರವಾಗಿ ವ್ಯವಹರಿಸಲು ಹೈಕೋರ್ಟಿನ ಮೂಲಕ ರಕ್ಷಕರ ನೇಮಕ ಆಗಬೇಕಾಗುತ್ತದೆ. ಹುಟ್ಟಿನಿಂದ ಬುದ್ಧಿಮಾಂದ್ಯ, ಆಟಿಸಂ, ಸೆರಿಬ್ರಲ್ ಪಾಲ್ಸಿ ಇರುವವರು ಹದಿನೆಂಟು ದಾಟಿದರೆ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ಸಮಿತಿಯೇ ರಕ್ಷಕರನ್ನು ನೇಮಿಸುತ್ತದೆ. ಇದನ್ನೆಲ್ಲ ಮಾಡದೆ ರೋಗಿಯ ಎಟಿಎಂ ಕಾರ್ಡು, ಗುಪ್ತಸಂಖ್ಯೆ ಗೆಳೆಯರ ಕೈಯಲ್ಲಿ ಇಟ್ಟುಕೊಳ್ಳುವುದು ಬೇಡ. ಎಷ್ಟೇ ಪ್ರಾಮಾಣಿಕರಾದರೂ ನಾಳೆ ಒಂದು ಮಾತು ಬರುತ್ತದೆ.

ಸರಕಾರದಿಂದ ಏನು ಸಿಗುತ್ತದೆ ಎಂದು ಕೇಳಬಹುದು. ಕೇರಳ ಸರಕಾರ 2010ರಲ್ಲಿ 'ಆಶ್ವಾಸಕಿರಣಂ' ಎಂಬ ಯೋಜನೆ ತಂದಿತು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೇ ಕೊಡುವ ಸಹಾಯಧನ ಇದು. ರೋಗಿಗಲ್ಲದೆ ಆರೈಕೆಯವರಿಗೆಂದು ಹೆಸರಿಟ್ಟು ಕೊಟ್ಟದ್ದು ದೊಡ್ಡ ಮಾತು. ಮೊತ್ತ ತಿಂಗಳಿಗೆ 600 ರೂಪಾಯಿ. ದಿನಕ್ಕೆ 20 ರೂಪಾಯಿ ಆಯಿತು. ಇಪ್ಪತ್ತನಾಲ್ಕು ಗಂಟೆಯ ಕೆಲಸಕ್ಕೆ ಗಂಟೆಗೆ ಒಂದು ರೂಪಾಯಿಯೂ ಇಲ್ಲ. ಅದೂ ಬಾಕಿ ಬಿದ್ದು, ಫಲಾನುಭವಿಗಳು ತಿಂಗಳುಗಟ್ಟಲೆ ಕಾದದ್ದುಂಟು. ಆದರೂ ಹಕ್ಕು ಹಕ್ಕೇ. ವರಮಾನದ ಮಿತಿ ಇದೆ, ಸರಕಾರಿ ವೈದ್ಯರ ಸರ್ಟಿಫಿಕೇಟು ಬೇಕು. ನಿಮ್ಮ ಊರಿನ ಅಂಗನವಾಡಿಯಲ್ಲಿ ವಿಚಾರಿಸಿ. ಅಂಗವಿಕಲರ ಪಿಂಚಣಿ, ವೃದ್ಧಾಪ್ಯ ಪಿಂಚಣಿ ಬೇರೆ. 1,600 ಇದ್ದ ಆ ಮೊತ್ತವನ್ನು 2025ರ ನವೆಂಬರಿನಿಂದ 2,000 ಮಾಡಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿಯೂ ಹೆಚ್ಚಿನ ಆಸರೆ ಬೇಕಾದವರ ಆರೈಕೆಗಾಗಿ ಭತ್ಯೆಯ ಮಾತಿದೆ.

ಇಲ್ಲಿ ನಮ್ಮ ಗಡಿನಾಡಿನವರದ್ದೇ ಒಂದು ಕಷ್ಟವಿದೆ. ಕನ್ನಡ ಶಾಲೆಯಲ್ಲಿ ಕಲಿತ ಗೆಳೆಯನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವನ ಕೈಗೆ ಬಂದ ಅರ್ಜಿ ಮಲಯಾಳದಲ್ಲಿತ್ತು. ಆರು ತಿಂಗಳು ಅದು ದಿಂಬಿನಡಿಯಲ್ಲೇ ಇತ್ತು. ಕೌಂಟರಿನ ದೆಸೆಯಿಂದ ನಾನು ಓದಲು ಕಲಿತಿದ್ದೆ. ಅರ್ಧ ಗಂಟೆ ಕುಳಿತು ತುಂಬಿಸಿಕೊಟ್ಟೆ. ಎರಡೂ ಲಿಪಿ ಬಲ್ಲ ಕೇಳುಗರೇ, ಆ ಅರ್ಧ ಗಂಟೆಯೂ ಒಂದು ಧನಸಹಾಯವೇ.

ಕಾಸರಗೋಡಿನವರಿಗೆ ಈ ವಿಷಯ ಹೊಸತಲ್ಲ. ಎಣ್ಮಕಜೆ, ಬೆಳ್ಳೂರು, ಬದಿಯಡ್ಕ, ಮುಳಿಯಾರು ಮೊದಲಾದ ಕಡೆ ಗೇರುತೋಪುಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ಅದು ಬೇಗ ಕೈಗೆ ಸಿಗದೆ ಅವರು ಮತ್ತೆ ಕೋರ್ಟಿಗೆ ಹೋಗಬೇಕಾಯಿತು, 2022ರಲ್ಲಿ ಕೋರ್ಟು ಮತ್ತೆ ಎಚ್ಚರಿಸಬೇಕಾಯಿತು. ಆ ಮಕ್ಕಳನ್ನು ಮೂವತ್ತು ವರ್ಷ ಎತ್ತಿ ಇಳಿಸಿದ ತಾಯಂದಿರು ನಮ್ಮ ನಡುವೆ ಇದ್ದಾರೆ. ಪರಿಹಾರ ಬಂದದ್ದು ಮಕ್ಕಳ ಲೆಕ್ಕಕ್ಕೆ. ಆ ತಾಯಿಯ ಮೂವತ್ತು ವರ್ಷದ ಕೂಲಿ ಯಾವ ಲೆಡ್ಜರಿನಲ್ಲೂ ಇಲ್ಲ.

ಒಂದು ವಿಷಯದಲ್ಲಿ ಕೇರಳದವರಾಗಿ ನಾವು ಭಾಗ್ಯವಂತರು. 2008ರಲ್ಲಿ ಉಪಶಾಮಕ ಚಿಕಿತ್ಸೆಗೆ, ಅಂದರೆ ಪ್ಯಾಲಿಯೇಟಿವ್ ಆರೈಕೆಗೆ, ನೀತಿ ಮಾಡಿದ ಮೊದಲ ರಾಜ್ಯ ಇದು. ಪಂಚಾಯತಿನ ನರ್ಸು ಮನೆಗೇ ಬರುತ್ತಾರೆ. ಮಗ್ಗುಲು ಬದಲಿಸುವ ಕ್ರಮವನ್ನು ಗೆಳೆಯನಿಗೆ ಕಲಿಸಿದ್ದು ಅವರೇ. ಅದರಿಂದ ಎಷ್ಟು ಸಾವಿರದ ಮದ್ದು ಉಳಿಯಿತೋ!

ಇನ್ನು ಕೆಲವು ಚಿಲ್ಲರೆ ಲೆಕ್ಕ. ಚಿಲ್ಲರೆಯೆಂದು ಬಿಡಬೇಡಿ. 'ಹನಿ ಹನಿ ಕೂಡಿದರೆ ಹಳ್ಳ' ಎಂದು ನಮ್ಮ ಹಿರಿಯರು ಹೇಳಿದ್ದಾರೆ.

ಗೆಳೆಯ ದರ್ಜಿಗಳ ಕ್ಷೇಮನಿಧಿಯ ಸದಸ್ಯನಾಗಿದ್ದ. ಅಂಗಡಿ ಮುಚ್ಚಿದ ಮೇಲೆ ಚಂದಾ ಕಟ್ಟಿರಲಿಲ್ಲ. ಅರವತ್ತಕ್ಕೆ ಸಿಗಬೇಕಾದ ಪಿಂಚಣಿ ತಪ್ಪಿಹೋಗುವುದರಲ್ಲಿತ್ತು. ಬಾಕಿಯನ್ನು ದಂಡದೊಂದಿಗೆ ನಾವು ಕಟ್ಟಿದೆವು. ನಿಮ್ಮ ಗೆಳೆಯ ಬೀಡಿಯವನೋ, ರಿಕ್ಷಾದವನೋ, ಕಟ್ಟಡ ಕೆಲಸದವನೋ, ಅವನ ಕ್ಷೇಮನಿಧಿ ಪುಸ್ತಕ ಒಮ್ಮೆ ಬಿಡಿಸಿ ನೋಡಿ.

ಆರೈಕೆಯವನೇ ಬಿದ್ದರೆ ಮನೆಯೇ ಬಿದ್ದಂತೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಇದೆ, ಎಪ್ಪತ್ತು ವರ್ಷದವರೆಗೆ. ಜೀವನಜ್ಯೋತಿ ಯೋಜನೆಯಲ್ಲಿ 436 ರೂಪಾಯಿಗೆ 2 ಲಕ್ಷದ ಜೀವವಿಮೆ, ಐವತ್ತರೊಳಗೆ ಸೇರಬೇಕು. ವಿಮೆ ರೋಗಿಯ ಹೆಸರಲ್ಲಲ್ಲ, ಆರೈಕೆಯವನ ಹೆಸರಲ್ಲಿ ಇರಲಿ.

ಆದಾಯ ತೆರಿಗೆಯ ಒಂದು ನಿಯಮವೂ ಉಂಟು. ನೆಂಟರಲ್ಲದವರಿಂದ ಒಂದು ವರ್ಷದಲ್ಲಿ ಬಂದ ಕೊಡುಗೆಯೆಲ್ಲ ಸೇರಿ 50,000 ರೂಪಾಯಿ ದಾಟಿದರೆ, ಪೂರ್ತಿ ಮೊತ್ತ ಪಡೆದವನ ವರಮಾನಕ್ಕೆ ಸೇರುತ್ತದೆ. ಬಡವನಿಗೆ ತೆರಿಗೆ ಬೀಳುವಷ್ಟು ವರಮಾನ ಇರಲಾರದು. ಆದರೂ ಅವನ ತಲೆಗೆ ಇನ್ನೊಂದು ಕಾಗದದ ಹೊರೆ ಯಾಕೆ? ಮುಂದೆ ನಾವು ತಲಾ 500ನ್ನು 800ಕ್ಕೆ ಏರಿಸಿದೆವು, ಸಾವಿರ ಮಾಡಲಿಲ್ಲ. ಐವರದು ವರ್ಷಕ್ಕೆ 48,000 ಆಯಿತು.

ಕೊನೆಯದಾಗಿ, ನಾನು ಹೇಳಲೇಬೇಕೆಂದು ಬಂದ ಮಾತು. 2022ರಲ್ಲಿ ಆ ಹೆಂಗಸು ತೀರಿಕೊಂಡಳು. ಏಳು ವರ್ಷ ಅವಳ ಬೆನ್ನಿನಲ್ಲಿ ಒಂದು ಹುಣ್ಣು ಆಗಲು ಅವನು ಬಿಡಲಿಲ್ಲ. ಬೊಜ್ಜಕ್ಕೆ ಊರೆಲ್ಲ ಸೇರಿತು. ಹದಿಮೂರನೆಯ ದಿನ ಕಳೆದ ಮೇಲೆ ಒಂದೊಂದಾಗಿ ಎಲ್ಲವೂ ನಿಂತಿತು. ಅವಳ ಪಿಂಚಣಿ ನಿಂತಿತು. ಆರೈಕೆಯ 600 ನಿಂತಿತು, ಆರೈಕೆಗೆ ರೋಗಿಯೇ ಇಲ್ಲವಲ್ಲ. ಕಿತ್ತಳೆ ಹಣ್ಣಿನವರು ಬರುವುದು ನಿಂತಿತು. ನಮ್ಮ ಐವರಲ್ಲಿಯೂ ಒಬ್ಬ ಫೋನು ಮಾಡಿ, 'ಇನ್ನು ನಾವೂ ನಿಲ್ಲಿಸಬಹುದಲ್ಲ?' ಎಂದು ಕೇಳಿದ. ತಪ್ಪಾಗಿ ಕೇಳಿದ್ದಲ್ಲ. ನನಗೂ ಆ ಯೋಚನೆ ಬಂದಿತ್ತು.

ಆದರೆ ಅವನಿಗಾಗ ಅರವತ್ತನಾಲ್ಕು. ಏಳು ವರ್ಷದಲ್ಲಿ ಗಿರಾಕಿಗಳು ಚದುರಿ ಹೋಗಿದ್ದರು. ಬಾಗಿ ಎತ್ತಿ ಎತ್ತಿ ಸೊಂಟ ಹೋಗಿತ್ತು. ರಾತ್ರಿ ಎರಡು ಗಂಟೆಗೊಮ್ಮೆ ಈಗಲೂ ಎಚ್ಚರವಾಗುತ್ತದೆ ಎಂದ. ಉಳಿದವರ ಪಾಲಿಗೆ ಕಷ್ಟ ಮುಗಿದಿತ್ತು, ಅವನ ಕಷ್ಟದ ಬಿಲ್ಲು ಆಗಷ್ಟೇ ಬಂದಿತ್ತು. ನಾವು ನಿಲ್ಲಿಸಲಿಲ್ಲ. ಇನ್ನೂ ಎರಡು ವರ್ಷ ಐದನೆಯ ತಾರೀಕಿಗೆ ದುಡ್ಡು ಹೋಯಿತು. ಕಣ್ಣಿನ ಪೊರೆ ತೆಗೆಸಿಕೊಂಡ, ಮೆಷಿನಿಗೆ ಮೋಟಾರು ಹಾಕಿಸಿದ, ಜಗಲಿಯ ಮುಂದೆ ಸಣ್ಣ ಬೋರ್ಡು ತೂಗಿಸಿದ. ಆಮೇಲೆ ಅವನೇ ಬಂದು, 'ಇನ್ನು ಸಾಕು, ನಿಲ್ಲಿಸಿ' ಎಂದ. ಆಗ ನಿಲ್ಲಿಸಿದೆವು.

ಕೇಳುಗರೇ, ನಾವು ಸಹಾಯ ಮಾಡುವುದು ರೋಗಕ್ಕಲ್ಲ, ಮನುಷ್ಯನಿಗೆ. ರೋಗದ ಜೊತೆಗೆ ಸುರುವಾಗಿ ರೋಗಿಯ ಜೊತೆಗೆ ಮುಗಿಯುವ ಸಹಾಯ ಆರೈಕೆ ಮಾಡಿದವನನ್ನು ನಡುನೀರಿನಲ್ಲಿ ಕೈಬಿಡುತ್ತದೆ. ಹಾಸಿಗೆ ಖಾಲಿಯಾದ ಮೇಲೆ ಒಂದು ವರ್ಷವಾದರೂ ಅವನ ಖಾತೆಯನ್ನು ಮರೆಯಬೇಡಿ.

ಕಳೆದ ವರ್ಷ ಅವನಲ್ಲಿ ಒಂದು ಅಂಗಿ ಹೊಲಿಸಿದೆ. ಎಷ್ಟಾಯಿತೆಂದು ಕೇಳಿದರೆ '350' ಎಂದ. 'ಗೆಳೆಯನಿಗೂ ಅಷ್ಟೇ ದರವೋ?' ಎಂದೆ. 'ಗೆಳೆಯನೆಂದೇ ಸರಿಯಾದ ದರ ಹೇಳಿದ್ದು' ಎಂದು ನಕ್ಕ. ಎಣಿಸಿ ಕೊಟ್ಟೆ. ಅವನೂ ಎರಡು ಸಲ ಎಣಿಸಿಯೇ ತೆಗೆದುಕೊಂಡ.

ಈ ಭಾಷಣ ಮುಗಿದ ಮೇಲೆ ಒಂದು ಕೆಲಸ ಮಾಡಿ. ನಿಮಗೆ ಗೊತ್ತಿರುವ ಅಂಥ ಒಂದು ಮನೆಗೆ ಈ ವಾರ ಹೋಗಿ. ರೋಗಿಯನ್ನು ವಿಚಾರಿಸಿದ ಮೇಲೆ, ಚಾ ತಂದವರನ್ನು ಕೂಡಿಸಿ, 'ನಿಮಗೇನು ಬೇಕು?' ಎಂದು ಕೇಳಿ. ಆಮೇಲೆ ಸುಮ್ಮನಿದ್ದು ಅವರ ಉತ್ತರ ಕೇಳಿ.